ಅಕ್ಕನ ಕಂಪ್ಯೂಟರ್ ಹುಡುಕಿಕೊಟ್ಟ ಗ್ಲಾಸು

ನಮ್ಮ ಅಕ್ಕನಿಗೆ ತಲೆ ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಅಷ್ಟು ಧೈರ್ಯ ನನಗಿಲ್ಲ. ಹೇಳುವವರು ಕಮಲಾಪುರ–ಕಲಬುರಗಿ ಬಸ್ಸಿನ ಕಂಡಕ್ಟರುಗಳು! ಕಲಬುರಗಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು, ವಾರವಾರವೂ ಗೋಣಿಚೀಲದ ತುಂಬ ಕೊಡ, ತಂಬಿಗೆ, ಸೌಟು, ಜರಡಿ ತುಂಬಿಕೊಂಡು ಬಸ್ಸು ಹತ್ತಿದರೆ ಅವರಾದರೂ ಏನಂದುಕೊಳ್ಳಬೇಕು?

“ಅಕ್ಕಾರ, ಮನಿ ಬಿಟ್ಟು ಹೊಂಟೀರೇನ್ರಿ?”

“ಇಲ್ರಿ, ನಮ್ಮ ಕಂಪ್ಯೂಟರಿಗಿ ಭಾಂಡೆ ತೋರಸ್ಲಾಕ್ ಒಯ್ಲಾಕತ್ತೀನಿ.”

“ಅದಕ್ಕೂ ಹೆಣ್ಣು ತೋರಸೋ ಶಾಸ್ತ್ರ ಅದ ಏನ್ರಿ!”

ಇಡೀ ಬಸ್ಸು ನಗುತ್ತಿತ್ತು. ಅಕ್ಕ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಅವಳ ಕೆಲಸವೇ ಹಾಗಿತ್ತು. ದಾರ ಸುತ್ತಿ, ಸ್ಕೇಲು ಹಿಡಿದು ಪ್ರತಿ ಪಾತ್ರೆಯ ಉಬ್ಬು ತಗ್ಗು ಅಳೆಯುವಳು. ಆ ಅಳತೆ ಕೊಟ್ಟರೆ ಪಾತ್ರೆ ಕಂಪ್ಯೂಟರಿನೊಳಗೆ ಮೈತುಂಬಿಕೊಂಡು ನಿಲ್ಲುತ್ತಿತ್ತು. ಬಾಯಿ, ಬುಡ, ಬೆನ್ನು, ಯಾವ ಕಡೆಗಾದರೂ ತಿರುಗಿಸಿ ನೋಡಬಹುದು. ಆದರೆ ಹೆಸರು ಮಾತ್ರ ಹೇಳಿಕೊಡುವಂತಿಲ್ಲ. ಇದು ಕೊಡ, ಇದು ಸೌಟು ಎಂದು ಯಾರೂ ಹೇಳದೆ, ಬರೀ ಆಕಾರ ನೋಡಿ ಅದು ತಾನೇ ಗುಂಪು ಮಾಡಬೇಕು. ಒಂದನ್ನು ತೋರಿಸಿದರೆ ಅದರಂಥದ್ದನ್ನು ತಾನೇ ಹುಡುಕಿ ತರಬೇಕು. ಮಾಸ್ತರಿಲ್ಲದೆ ಕಲಿಯುವುದೆಂದರೆ! ಐದನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಮಾಸ್ತರಿದ್ದೂ ಬರಲಿಲ್ಲವಲ್ಲ!

ಒಮ್ಮೆ ಸೋದರಮಾವನ ರುಮಾಲನ್ನೂ ಅಳೆದುಕೊಂಡು ಹೋದಳು. ಯಂತ್ರ ಅದನ್ನು ಯಾವ ಗುಂಪಿಗೆ ಸೇರಿಸಿತು ಗೊತ್ತೇ? ಕೊಡ ಹೊರುವಾಗ ತಲೆಗಿಡುವ ಸಿಂಬಿಯ ಗುಂಪಿಗೆ!

ಮಾವ ಕೆಂಡವಾದ. “ನನ್ನ ರುಮಾಲಿಗಿ ಸಿಂಬಿ ಅಂತದ ಏನು ನಿನ್ನ ಡಬ್ಬಿ?”

“ಏನೂ ಅನ್ನಲ್ಲ ಮಾಮಾ. ಅದಕ್ಕ ರುಮಾಲೂ ಗೊತ್ತಿಲ್ಲ, ಸಿಂಬಿನೂ ಗೊತ್ತಿಲ್ಲ. ನೀವೂ ಗೊತ್ತಿಲ್ಲ.”

ಮಾವನಿಗೆ ತನ್ನನ್ನು ಅರಿಯದ ವಸ್ತುವೊಂದು ಈ ಭೂಮಿಯ ಮೇಲೆ ಇದೆ ಎನ್ನುವುದೇ ಸಹಿಸಲಾಗಲಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ಕಮಲಾಪುರದಲ್ಲಿ ನನ್ನದೊಂದು ಚಾದ ಹೋಟೆಲು, ಅಪ್ಪನಿಂದ ಬಂದದ್ದು. ಅಪ್ಪನಿಂದಲೇ ಬಂದ ಇನ್ನೊಂದೂ ಇತ್ತು. ಕೆಳಗಿನ ಓಣಿಯ ಕೂಲಿ ಜನಕ್ಕೆಂದು ಬುಡಕ್ಕೆ ಕೆಂಪು ಬಣ್ಣದ ಬೊಟ್ಟಿಟ್ಟ ಗ್ಲಾಸುಗಳು ಹೊರಗಿನ ಕಟ್ಟೆಯ ಮೇಲೆ ಇರುತ್ತಿದ್ದವು. ಅವರು ತಾವೇ ಎತ್ತಿಕೊಂಡು ಹಿಡಿಯಬೇಕು, ನಾನು ಮೇಲಿನಿಂದ ಸುರಿಯಬೇಕು. ಕುಡಿದು, ತೊಳೆದು, ಬೋರಲು ಹಾಕಿ ಹೋಗಬೇಕು. ಅಕ್ಕ ಅದಕ್ಕಾಗಿ ನನ್ನ ಸಂಗಡ ಜಗಳ ತೆಗೆಯದ ವಾರವಿಲ್ಲ. “ಗಿರಾಕಿ ಬಿಟ್ಟು ಹೋಗ್ತಾರ, ಹೋಟೆಲ್ ಮುಚ್ಚತದ” ಎಂದು ನಾನು. ನಿಜ ಹೇಳಬೇಕೆಂದರೆ, ಬಿಟ್ಟು ಹೋಗುವವರಲ್ಲಿ ಮೊದಲನೆಯವನು ಮಾವ. ನನಗೆ ಅವನ ಭಯ.

ಒಂದು ದಿನ ಅಕ್ಕ ನನ್ನನ್ನು ಕಾಲೇಜಿಗೆ ಕರೆದುಕೊಂಡು ಹೋದಳು. ಪರದೆಯ ಮೇಲೆ ನನ್ನ ಹೋಟೆಲಿನ ಒಳಗಿನ ಗ್ಲಾಸೊಂದನ್ನು ತೋರಿಸಿ, “ಇದರಂಥದ್ದು ತಾ” ಎಂದು ಗುಂಡಿ ಒತ್ತಿದಳು. ಅಷ್ಟೊಂದು ಪಾತ್ರೆಗಳ ನಡುವಿನಿಂದ ಒಂದು ಗ್ಲಾಸು ಎದ್ದು ಬಂದು ಪಕ್ಕದಲ್ಲಿ ನಿಂತಿತು. ನಾನು ಪರದೆಯ ಹತ್ತಿರಕ್ಕೆ ಬಗ್ಗಿದೆ.

“ಇದು ಎಲ್ಲಿದು, ಅಕ್ಕಾ?”

“ನಿನ್ನ ಕಟ್ಟಿ ಮ್ಯಾಲಿಂದು.”

“ಅದು ಬ್ಯಾರೆ ಗಿಲಾಸ! ನಿನ್ನ ಯಂತ್ರಕ್ಕ ಜರಾ ಹೇಳಿಕೊಡು.”

“ಏನಂತ ಹೇಳಲಿ? ಎಲ್ಲಿ ಬ್ಯಾರೆ ಅದ, ನೀನೇ ತೋರಸು.”

ಎರಡೂ ಗ್ಲಾಸುಗಳನ್ನು ಮೆಲ್ಲಗೆ ತಿರುಗಿಸಿದಳು. ಬಾಯಿ ನೋಡಿದೆ, ಬುಡ ನೋಡಿದೆ, ಒಳಗೆ ಬಗ್ಗಿ ನೋಡಿದೆ. ಬಣ್ಣ ಕಾಣದ ಆ ಯಂತ್ರದೆದುರು ನನ್ನ ಬೊಟ್ಟು ಎಲ್ಲೂ ಇರಲಿಲ್ಲ. ಯಾರೂ ಏನೂ ಹೇಳಿಕೊಟ್ಟಿಲ್ಲವೆಂದೇ ಅದಕ್ಕೆ ಇಷ್ಟು ಸರಿಯಾಗಿ ಕಾಣುತ್ತದೆ, ನನಗೆ ಹೇಳಿಕೊಟ್ಟಿದ್ದರು. ಅಷ್ಟೇ ವ್ಯತ್ಯಾಸ.

ಊರಿಗೆ ಬಂದವನೇ ಇಟ್ಟಂಗಿ ಪುಡಿ ಹಾಕಿ ಬೊಟ್ಟುಗಳನ್ನು ಉಜ್ಜಿ ತೆಗೆದೆ. ಎಲ್ಲ ಗ್ಲಾಸುಗಳನ್ನೂ ಒಂದೇ ಬುಟ್ಟಿಗೆ ಹಾಕಿದೆ. ಬೆಳಿಗ್ಗೆ ಮಾವ ಬಂದ, ಬುಟ್ಟಿ ನೋಡಿದ, ಎದ್ದು ಹೋದ. ಅವನ ಹಿಂದೆ ಇನ್ನೊಂದಿಷ್ಟು ಜನ. ಅಕ್ಕ ಮೂಲೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದಳು.

ಆಮೇಲೆ ಕೆಳಗಿನ ಓಣಿಯ ಮುದುಕಿ ಬಂದು ಕಟ್ಟೆಯ ಮೇಲೆ ತನ್ನ ಗ್ಲಾಸು ಹುಡುಕಿದಳು. ಅಪ್ಪನ ಕಾಲದಿಂದಲೂ ಬರುತ್ತಿದ್ದವಳು.

“ಒಳಗ ಬಾ, ಆಯಿ.”

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಯಾಕಪಾ, ಎಲೆಕ್ಷನ್ ಬಂದದ ಏನು?”

“ಇಲ್ಲ ಆಯಿ. ಬಾ.”

ಬಂದಳು. ಬೆಂಚಿನ ನಡುವೆ ಸರಿಯಾಗಿ ಕೂತು, ಅವಸರವಿಲ್ಲದೆ ಕುಡಿದಳು. ಮುಗಿದ ಮೇಲೆ ರೂಢಿಯಂತೆ ತೊಳೆಯಲು ಎದ್ದಳು. ನಾನು ಗ್ಲಾಸಿಗೆ ಕೈ ಚಾಚಿದೆ. ಆಕೆ ಬಿಡಲಿಲ್ಲ. ಇಬ್ಬರೂ ಹಿಡಿದುಕೊಂಡು ನಿಂತೆವು. ಅಕ್ಕ ಬೀದಿಯ ಕಡೆ ಮುಖ ತಿರುಗಿಸಿದಳು.

ಆಯಿಯ ಕೈ ನನ್ನ ಅವ್ವನ ಕೈಯಷ್ಟೇ ಒರಟಾಗಿತ್ತು. ಅಷ್ಟು ವರ್ಷ ಚಾ ಸುರಿದರೂ ಅದು ನನಗೆ ಗೊತ್ತಿರಲಿಲ್ಲ.