ಊರು ಕೇಳದ ಕಂಡಕ್ಟರು

ನಮ್ಮ ಸೋದರಮಾವನಿಗೆ ಒಂದು ದಿನವೂ ತಪ್ಪಿದ್ದಿಲ್ಲ ಎಂದು ನಮ್ಮೂರು ಮಿಜಾರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಮೂರು ವರ್ಷ ಗಂಟಲು ಹರಿದುಕೊಂಡವನು ನಾನು. ಪುರಾವೆ ಇಲ್ಲದೆ ಹೊಗಳುವುದು ನನ್ನಿಂದಾಗದು. ಪುರಾವೆ ಇಲ್ಲವೆಂದಲ್ಲ, ಬೇಕಾದಷ್ಟು ಉಂಟು, ಎಲ್ಲ ಮಾವನ ವಿರುದ್ಧವೇ. ಆದರೆ ಕೇಳುವವರು ಯಾರು? ಹೇಳಿ ಹೇಳಿ ನನಗೇ ಸುಸ್ತಾಗಿದೆ.

ಮಾವ ಬಸ್ಸಿನ ಕಂಡಕ್ಟರು. "ಎಲ್ಲಿಗೆ?" ಎಂದು ಪ್ರಯಾಣಿಕರನ್ನು ಕೇಳುವುದು ತನ್ನ ಕಿವಿಗೆ ಅವಮಾನ ಎಂದು ನಂಬಿದವರು. ಹತ್ತಿದವರು ನಾಲ್ಕು ಮಾತಾಡಿದರೆ ಸಾಕು. ಒಂದೇ ತುಳು ಶಬ್ದಕ್ಕೆ ಒಂದು ಕಡೆಯವರು ತಕಾರ ಹಚ್ಚುತ್ತಾರೆ, ಇನ್ನೊಂದು ಕಡೆಯವರು ಸಕಾರ, ಮೂಡುಬಿದಿರೆಯ ಬಸದಿಗಳ ಸುತ್ತಿನ ಮನೆಗಳಲ್ಲಿ ಹಕಾರ. ಬಂಟ್ವಾಳ ಪೇಟೆಯವರು ಮಾತಿನ ಬಾಲ ಕಡಿಯುತ್ತಾರಂತೆ. ಬೆಳ್ತಂಗಡಿಯವರು ಘಟ್ಟ ಹತ್ತಿಸುವ ಹಾಗೆ ಎಳೆಯುತ್ತಾರಂತೆ. ಇಷ್ಟು ಕೇಳಿಸಿಕೊಂಡು ಮಾವ ಊರು ನಿಶ್ಚಯಿಸಿ, ಆ ಊರಿನ ಟಿಕೆಟು ಹರಿದು ಕೈಗಿಡುತ್ತಿದ್ದರು.

ಊರು ಗುರುತಿಸುವುದರಲ್ಲಿ ಗಟ್ಟಿಗರೇ, ಒಪ್ಪಿದೆ. ಆದರೆ ಒಬ್ಬನ ಊರು ಯಾವುದು ಎಂಬುದಕ್ಕೂ ಅವನು ಈಗ ಎಲ್ಲಿಗೆ ಹೊರಟಿದ್ದಾನೆ ಎಂಬುದಕ್ಕೂ ಏನು ಸಂಬಂಧ?

ಬಂಟ್ವಾಳದಲ್ಲಿ ಒಮ್ಮೆ ಕನ್ಯಾನದ ಹಿರಿಯರೊಬ್ಬರು ಬಸ್ಸು ಹತ್ತಿ, "ಬೇಗ ಹೊರಡುತ್ತದಾ?" ಎಂದರು. ಅಷ್ಟೇ. ಮಾವ ಅವರ ಕೊಡೆ, ಚೀಲ, ಕೊನೆಗೆ ಅವರನ್ನೂ ಕೆಳಗಿಳಿಸಿ, "ಕನ್ಯಾನಕ್ಕೆ ಹೋಗುವ ವಿಟ್ಲದ ಬಸ್ಸು ಆಚೆ ಉಂಟು" ಎಂದು ಸೀಟಿ ಊದಿಬಿಟ್ಟರು. ಪಾಪ, ಅವರು ಹೊರಟಿದ್ದದ್ದು ಬೆಳ್ತಂಗಡಿಗೆ, ಮಗಳಿಗೆ ಗಂಡು ನೋಡಲು.

ಈ ಪ್ರಸಂಗ ಎತ್ತಿದರೆ ಮಾವನದು ಒಂದೇ ಪ್ರಶ್ನೆ. "ಅವರು ಕನ್ಯಾನದವರು ಹೌದಾ ಅಲ್ಲವಾ, ಅದು ಹೇಳು."

"ಹೌದು. ಆದರೆ..."

"ಮತ್ತೆ ತಪ್ಪಿದ್ದು ಯಾರಿಗೆ ಮಾರಾಯ?"

ನಮ್ಮ ಜಿಲ್ಲೆ ಮದರಾಸಿನಿಂದ ಮೈಸೂರಿಗೆ ಸೇರಿದ ಮೇಲೆ ಆಫೀಸುಗಳಿಗೆ ಘಟ್ಟದ ಮೇಲಿನವರು ಬರತೊಡಗಿದರು. ಅಂಥ ಒಬ್ಬ ಗುಮಾಸ್ತರು ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಕೈಸನ್ನೆಯಲ್ಲೇ ಟಿಕೆಟು ಕೇಳಿದರು. ಮಾವ ಬಸ್ಸು ನಿಲ್ಲಿಸಿ ಉಗುಳಿಸಿದರು. "ಬೆಳ್ತಂಗಡಿಗೆ ರೀ, ಆಗ್ಲಿಂದ ಹೇಳ್ತಾನೇ ಇದೀನಿ" ಎಂದರು ಅವರು. ಮಾವ ಕಣ್ಣು ಮುಚ್ಚಿ, "ಇನ್ನೂ ಸ್ವಲ್ಪ ಮಾತಾಡಿ" ಎಂದರು. ಮಾತಾಡಿ ಮುಗಿಯುವ ಮೊದಲೇ ಬೆಳ್ತಂಗಡಿ ಬಂತು. ಗುಮಾಸ್ತರು ಟಿಕೆಟಿಲ್ಲದೆ ಇಳಿದುಹೋದರು.

ಇಂಥವನ್ನು ನಾನು ಒಂದೊಂದಾಗಿ ನೆನಪಿಟ್ಟುಕೊಂಡೆ. ಮನೆಯಲ್ಲಿ ವಾದಕ್ಕೆ ಬೇಕಲ್ಲ.

ಅಕ್ಕನನ್ನು ಕಕ್ಕಿಂಜೆಗೆ ಕೊಟ್ಟಿತ್ತು. ಮಾವನ ಬಸ್ಸು ಆಗ ಅಲ್ಲಿಂದ ಹೊರಟು ಬೆಳ್ತಂಗಡಿ, ಮೂಡುಬಿದಿರೆ ದಾಟಿ ಮಿಜಾರಿಗೆ ಬರುತ್ತಿತ್ತು. ಅಕ್ಕನಿಗೆ ಚೊಚ್ಚಲು, ಎಂಟು ತಿಂಗಳು. ಹೆರಿಗೆಗೆ ಕಳಿಸಿಕೊಡಿ ಎಂದು ಅಮ್ಮ ಎರಡು ಸಲ ಹೋಗಿ ಕೇಳಿದ್ದರು. ಕೊಯ್ಲು ಮುಗಿಯಲಿ ಎಂದಿದ್ದರು ಗಂಡನ ಮನೆಯವರು. ಕಾಲು ಬಾತು ನಡೆಯಲಾಗದೆ ಹೋದಾಗ, ಬೆಳ್ತಂಗಡಿ ಆಸ್ಪತ್ರೆಗೆ ತೋರಿಸಿ ಸಂಜೆಯೊಳಗೆ ಬಾ ಎಂದು ಒಬ್ಬಳನ್ನೇ ಬಸ್ಸು ಹತ್ತಿಸಿದರು.

"ಆಸ್ಪತ್ರೆಗೆ, ಮಾವ" ಎಂದಳು ಅಕ್ಕ.

ಮಾವ ಮಿಜಾರಿನ ಟಿಕೆಟು ಹರಿದು ಕೊಟ್ಟು, "ಮಲಗು" ಎಂದರು. ಮಲಗಿದಳು. ಬೆಳ್ತಂಗಡಿಯಲ್ಲಿ ಮಾವ ಸೀಟಿಯನ್ನೂ ಊದಲಿಲ್ಲವಂತೆ. ಮೆತ್ತಗೆ ಬಸ್ಸಿನ ಬದಿ ತಟ್ಟಿ ಹೊರಡಿಸಿದರು ಎಂದು ಡ್ರೈವರೇ ನನಗೆ ಹೇಳಿದ.

ಅಂದೇ ಅಮ್ಮ ಅವಳನ್ನು ಮೂಡುಬಿದಿರೆಯ ಡಾಕ್ಟರಿಗೆ ತೋರಿಸಿದರು. ಹೆರಿಗೆಯವರೆಗೆ ಹಾಸಿಗೆ ಬಿಟ್ಟು ಏಳಬಾರದು ಎಂದರು ಡಾಕ್ಟರು.

ಮರುದಿನವೇ ಅಕ್ಕನ ಮಾವಯ್ಯ ಕಕ್ಕಿಂಜೆಯಿಂದ ಬಂದು ನಮ್ಮ ಜಗಲಿಯಲ್ಲಿ ಕೂತರು. ಕೊಟ್ಟ ನೀರು ಬೆಲ್ಲ ಮುಟ್ಟಲಿಲ್ಲ. "ಬೇಕೆಂದೇ ತಂದು ಇಳಿಸಿದ್ದಾದರೆ ಈಗಲೇ ಕರೆದುಕೊಂಡು ಹೋಗುತ್ತೇನೆ. ತಪ್ಪಿ ಆದದ್ದಾದರೆ ಬಂದವಳು ಇರಲಿ, ಹೆತ್ತೇ ಬರಲಿ" ಎಂದವರು ನನ್ನ ಕಡೆ ತಿರುಗಿದರು. "ನೀನು ಓದಿದವ. ನಿನ್ನ ಮಾವನಿಗೆ ತಪ್ಪುವುದೇ ಇಲ್ಲ ಎಂದು ಊರಿಡೀ ಹೇಳುತ್ತದಲ್ಲ?"

ಒಳಗೆ ಅಕ್ಕ ಮಲಗಿದ್ದಳು. ನಾನು ಎದ್ದು ನಿಂತು ಅರ್ಧ ಗಂಟೆ ಮಾತಾಡಿದೆ. ಕನ್ಯಾನದವರಿಂದ ಹಿಡಿದು ಗುಮಾಸ್ತರವರೆಗೆ, ಒಂದನ್ನೂ ಬಿಡಲಿಲ್ಲ. ಚರ್ಚಾಕೂಟದಲ್ಲೂ ನಾನು ಅಷ್ಟು ಚೆನ್ನಾಗಿ ವಾದಿಸಿದ್ದಿಲ್ಲ. ಕಂಬಕ್ಕೆ ಒರಗಿ ನಿಂತಿದ್ದ ಮಾವ ನಡುವೆ ತನ್ನ ಆ ಒಂದು ಪ್ರಶ್ನೆ ಕೇಳಿದ್ದರೆ ನನ್ನ ವಾದ ಅಲ್ಲೇ ಬಿದ್ದುಹೋಗುತ್ತಿತ್ತು. ಕೊನೆಗೆ, "ಹೌದು. ನನಗೆ ತಪ್ಪುತ್ತದೆ" ಎಂದರು.

ಮಾವಯ್ಯ ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ಹೆರಿಗೆ ಕಷ್ಟದ್ದೇ ಆಯಿತು. ತಾಯಿ ಮಗು ಇಬ್ಬರೂ ಉಳಿದರು. ಮಗುವನ್ನು ನೋಡಿದ ಮೇಲೆ ನಾನು ಕಾಲೇಜಿಗೆ ಹೊರಟು ಮಾವನ ಬಸ್ಸು ಹತ್ತಿದೆ. ಮುಂದಿನ ಸೀಟಿನಿಂದ ಮಾವ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. "ಎಲ್ಲಿಗೆ? ನಿಮಗೆ ಎಲ್ಲಿಗೆ?" ಹಳೆಯ ಪರಿಚಯದವರು ಮಾತಿಗೆಳೆದರೂ ತಲೆ ಎತ್ತಲಿಲ್ಲ. ನನ್ನ ಹತ್ತಿರ ಬಂದು ನನಗೂ ಅದನ್ನೇ ಕೇಳಿದರು.

ಊರು ಹೇಳಿದೆ. ಅವರು ಟಿಕೆಟು ಹರಿಯುತ್ತಿದ್ದಾಗ ಮೆಲ್ಲಗೆ ಕೇಳಿದೆ:

"ಮಾವ, ಅವತ್ತು ಜಗಲಿಯಲ್ಲಿ ನಾನು ಹೇಳಿದ್ದನ್ನು ನೀವೂ ನಂಬಿಬಿಟ್ಟಿರಾ?"