ಫಾರಿನ್ ಬಂಡವಾಳಕ್ಕೆ ಅಮ್ಮನವರ ಪ್ರಸಾದ

ತಾಲೂಕು ಕೋರ್ಟಿನ ವಕೀಲನಿಗೂ ಕನಸುಗಳಿರುತ್ತವೆ ಎಂದರೆ ನೀವು ನಗಬಾರದು. ಡಾಕ್ಟರಿಗೆ ಯಾರೂ ಕೇಳದ ರೋಗವೊಂದನ್ನು ವಾಸಿಮಾಡುವ ಆಸೆ, ಮೇಷ್ಟ್ರಿಗೆ ತನ್ನ ಶಿಷ್ಯನೊಬ್ಬ ಕಲೆಕ್ಟರ್ ಆಗಲೆಂಬ ಆಸೆ. ನನಗಿದ್ದದ್ದು ಇಷ್ಟೇ: ಜೀವಮಾನದಲ್ಲಿ ಒಂದು ಸಲವಾದರೂ ಬೇಲಿ, ಬಾವಿ, ತೆಂಗಿನಮರ ಈ ಮೂರೂ ಇಲ್ಲದ ಕೇಸು ಸಿಗಲಿ. ಕುಮಟೆಯಲ್ಲಿ ಎದುರಿಗೆ ಸಿಕ್ಕಾಗ ನನ್ನನ್ನು ವಕೀಲ್ರು ಎನ್ನುತ್ತಿದ್ದರು, ಬೆನ್ನ ಹಿಂದೆ ದಾರಿ ವಕೀಲ ಎನ್ನುತ್ತಿದ್ದರು. ಗದ್ದೆಗೆ ಹೋಗುವ ದಾರಿ, ಬಾವಿಗೆ ಹೋಗುವ ದಾರಿ, ಹೆಣ ಒಯ್ಯುವ ದಾರಿ, ಹೀಗೆ ಯಾರು ಯಾರ ದಾರಿಗೆ ಮುಳ್ಳು ಹಾಕಿದರೂ ಇಬ್ಬರಲ್ಲೊಬ್ಬ ಬಂದು ಕೂರುತ್ತಿದ್ದದ್ದು ನನ್ನ ಜಗಲಿಯ ಮೇಲೆಯೇ. "ತಾಲೂಕಿಗೆಲ್ಲ ದಾರಿ ಮಾಡಿಕೊಟ್ರಿ, ನಮ್ಮನೆ ಸ್ಕೂಟರ್ ಒಂದು ನಡೀತಿಲ್ಲೆ" ಎಂದು ನನ್ನ ಹೆಂಡತಿ ಶಾರದೆ ಆಗಾಗ ನನ್ನ ವೃತ್ತಿಗೌರವವನ್ನು ಅಳತೆಮಾಡಿ ಹೇಳುತ್ತಿದ್ದಳು.

ಹೀಗಿರುವಾಗ, ಕೊಂಕಣ ರೈಲು ಓಡಲು ಶುರುವಾಗಿ ಇನ್ನೂ ಜನ ಅದನ್ನು ನೋಡಲೆಂದೇ ಸ್ಟೇಶನ್ನಿಗೆ ಹೋಗುತ್ತಿದ್ದ ಕಾಲದಲ್ಲಿ, ಭಟ್ಕಳದಿಂದ ನನ್ನ ಕಾಲೇಜು ಗೆಳೆಯನ ಫೋನು ಬಂತು. ಅವನು ಗಲ್ಫಿಗೆ ಸಾಮಾನು ಕಳಿಸುವ ವ್ಯಾಪಾರದವನು. ಸ್ಪೇನ್ ದೇಶದ ಪಾಬ್ಲೊ ಎಂಬಾತ ಅಘನಾಶಿನಿಯಲ್ಲಿ ಒಂದು ಕಾರ್ಖಾನೆ ಹಾಕಬೇಕೆಂದಿದ್ದಾನೆ, ಹೊಳೆಯ ಕೆಸರಿನಲ್ಲಿ ಸಿಗುವ ಬೆಳಚಿನ ಚಿಪ್ಪು ಬಿಡಿಸಿ, ಒಳಗಿನ ಮಾಂಸ ತೊಳೆದು, ಮಂಜುಗಟ್ಟಿಸಿ ತನ್ನ ದೇಶಕ್ಕೆ ಕಳಿಸುತ್ತಾನಂತೆ, ಬಂಡವಾಳ ಹಾಕುವ ಪರದೇಶದವನಿಗೆ ನಮ್ಮ ಕಾನೂನು ಏನೇನು ಸವಲತ್ತು, ಏನೇನು ರಕ್ಷಣೆ ಕೊಡುತ್ತದೆ ಎಂದು ಹೇಳಬಲ್ಲ ವಕೀಲ ಬೇಕಂತೆ ಎಂದ. ನಾನು ರಿಸೀವರ್ ಹಿಡಿದೇ ಎದ್ದು ನಿಂತ ರಭಸಕ್ಕೆ ಟೆಲಿಫೋನು ಮೇಜಿನಿಂದ ನೆಲಕ್ಕೆ ಬಿತ್ತು. ನಮಗೆ ಫಾರಿನ್ನವರು ಹೊಸಬರೇನಲ್ಲ. ಗೋಕರ್ಣಕ್ಕೆ ಹೋಗುವವರು ಲುಂಗಿ ಸುತ್ತಿಕೊಂಡು ಎಳನೀರಿಗೆ ಚೌಕಾಸಿ ಮಾಡುವುದನ್ನು ದಿನಾ ನೋಡುತ್ತೇವೆ. ಆದರೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕಾನೂನು ಕೇಳಲು ಬರುವ ಫಾರಿನ್ನವನು ನಮ್ಮ ತಾಲೂಕಿಗೆ ಅವನೇ ಮೊದಲಿರಬೇಕು.

ಅವನು ಬರುವ ತನಕ ನಾನು ಮನುಷ್ಯನಾಗಿರಲಿಲ್ಲ. ಹೊನ್ನಾವರದ ಹಿರಿಯ ವಕೀಲರ ಕಪಾಟು ಜಾಲಾಡಿದೆ. ಓದುತ್ತ ಹೋದ ಹಾಗೆ ನನಗೇ ಮೈ ಜುಮ್ಮೆನ್ನತೊಡಗಿತು. ಏನು ಔದಾರ್ಯ! ರಫ್ತು ಮಾಡುವ ಕಾರ್ಖಾನೆಗೆ ಕೆಲವು ವರ್ಷ ತೆರಿಗೆ ರಜೆ. ಲಾಭವನ್ನು ತನ್ನ ದೇಶಕ್ಕೆ ಒಯ್ಯಲು ಅಡ್ಡಿಯಿಲ್ಲ. ಸರ್ಕಾರ ಅನ್ಯಾಯವಾಗಿ ಆಸ್ತಿ ಕಿತ್ತುಕೊಳ್ಳುವಂತಿಲ್ಲ, ತೆಗೆದುಕೊಂಡರೆ ತಕ್ಕ ಪರಿಹಾರ ಕೊಡಬೇಕು. ಅವನಿಗೂ ಸರ್ಕಾರಕ್ಕೂ ಜಗಳವಾದರೆ ಯಾವುದೋ ಮೂರನೆಯ ದೇಶದ ಪಂಚರು ಕೂತು ತೀರ್ಮಾನ ಮಾಡುತ್ತಾರೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತ ಒಳಗೂ ಹೊರಗೂ ಓಡಾಡುತ್ತಿದ್ದೆ. ಶಾರದೆ ದೋಸೆ ಹೊಯ್ಯುವುದನ್ನು ನಿಲ್ಲಿಸಿ ಅರ್ಥ ಹೇಳಿ ಎಂದಳು. ಹೇಳಿದೆ. ಸೌಟು ಕೆಳಗಿಟ್ಟು, "ಗಳಿಸಿದ್ದು ತವರಿಗೆ ತಗಂಡು ಹೋಗಲಡ್ಡಿಲ್ಲೆ, ಜಗಳ ಆದ್ರೆ ಬೇರೆ ಊರಿನ ಪಂಚರು! ನನ್ನ ಮದುವೆ ಹೊತ್ತಿಗೆ ಈ ಕಾನೂನು ಎಲ್ಲಿ ಹೋಗಿತ್ತು?" ಎಂದಳು. ನಾನು ದೋಸೆ ತಿನ್ನದೆಯೇ ಎದ್ದೆ.

ಪಾಬ್ಲೊ ಬಂದ. ಉದ್ದನೆಯ, ನಗುಮುಖದ, ನನ್ನಷ್ಟೇ ಕೆಟ್ಟ ಇಂಗ್ಲಿಷಿನ ಮನುಷ್ಯ. ನಮ್ಮಿಬ್ಬರಿಗೂ ಧೈರ್ಯವಾಯಿತು. ಜಾಗ ನೋಡಲು ಹೋದೆವು. ಅದು ಹೊನ್ನಪ್ಪನೆಂಬವನ ಜಾಗ, ರಸ್ತೆಗೂ ಹೊಳೆಗೂ ನಡುವೆ ಇತ್ತು. ಬೇಸಾಯದಿಂದ ಹೊರಗಿಟ್ಟು ಆಗಲೇ ಬಿನ್‌ಶೇತ್ಕಿ ಮಾಡಿಸಿದ್ದರಿಂದ ಕಾರ್ಖಾನೆಗೆ ಲೀಸಿಗೆ ಕೊಡಲು ತೊಡಕಿರಲಿಲ್ಲ. ನಾನು ತೆಂಗಿನ ಕಟ್ಟೆಯ ಮೇಲೆ ನಿಂತು ಸವಲತ್ತುಗಳನ್ನು ಒಂದೊಂದಾಗಿ ಒಪ್ಪಿಸಿದೆ. ಪಾಬ್ಲೊ ಪ್ರತಿಯೊಂದಕ್ಕೂ ತಲೆಯಾಡಿಸಿದ. ಸಂತೋಷ ತಡೆಯಲಾರದೆ ನಾನು ಕಾನೂನಿನಲ್ಲಿ ಇಲ್ಲದ್ದನ್ನೂ ಸೇರಿಸಿದೆ. ನಿಮ್ಮ ಜಾಗಕ್ಕೆ ಸುತ್ತಲೂ ಎತ್ತರದ ಗೋಡೆ, ರಸ್ತೆಯ ಕಡೆಗೆ ಒಂದೇ ಗೇಟು, ನಿಮ್ಮ ಅಪ್ಪಣೆಯಿಲ್ಲದೆ ಒಂದು ನರಪಿಳ್ಳೆಯೂ ಒಳಗೆ ಕಾಲಿಡದ ಹಾಗೆ ಕರಾರು ಮಾಡಿಕೊಡುತ್ತೇನೆ ಎಂದೆ.

ಹೊನ್ನಪ್ಪನ ಅಕ್ಕ ದೇವಿ ಅಲ್ಲೇ ಬುಟ್ಟಿ ಹಿಡಿದು ನಿಂತಿದ್ದಳು. ಆ ಕೇರಿಯ ಹೆಂಗಸರೆಲ್ಲ ನೀರು ಇಳಿದಾಗ ಹೊಳೆಗಿಳಿದು ಬೆಳಚು ಆರಿಸಿ ಮಾರುವವರು. ನಾನು ಎರಡು ಕೈಯಿಂದ ಗಾಳಿಯಲ್ಲಿ ಗೋಡೆ ಕಟ್ಟುತ್ತಿದ್ದುದರಿಂದ ಇಂಗ್ಲಿಷ್ ಬಾರದಿದ್ದರೂ ಅವಳಿಗೆ ಎಲ್ಲ ಅರ್ಥವಾಗಿತ್ತು. "ವಕೀಲ್ರೆ, ನಾವು ಹೊಳಿಗೆ ಹೋಗುದು ಈ ಜಾಗದ ಮೇಲಿಂದ್ಲೇ ಅಲ್ದಾ? ನಮ್ಮ ಅವ್ವಿ, ಅವಳ ಅವ್ವಿ ಎಲ್ಲ ಹೀಂಗೇ ಹೋದವ್ರು. ಗೋಡೆ ಕಟ್ರೆ ನಾವು ಎಂತ ಮಾಡುದು?" ಎಂದಳು.

"ನೋಡ್ವ ದೇವಿ, ನೋಡ್ವ. ಮೊದ್ಲು ದೇಶಕ್ಕೆ ಬಂಡವಾಳ ಬರ್ಲಿ" ಎಂದೆ.

ಆಕೆ ಏನೆನ್ನುತ್ತಾಳೆ ಎಂದು ಪಾಬ್ಲೊ ಕೇಳಿದ. ನಿಮ್ಮನ್ನು ಸ್ವಾಗತಿಸುತ್ತಿದ್ದಾಳೆ ಎಂದೆ. ಅವನು ಅವಳಿಗೆ ಬಗ್ಗಿ ನಮಸ್ಕಾರ ಮಾಡಿದ. ಅವಳು ನನ್ನನ್ನು ನೋಡಿದಳು. ಆ ನೋಟವನ್ನು ನಾನು ನೋಡದವನ ಹಾಗೆ ಹೊಳೆಯ ಕಡೆ ತಿರುಗಿದೆ.

ಎಲ್ಲ ಮುಗಿಯಿತು ಎನ್ನುವಾಗ ಹೊನ್ನಪ್ಪ ತಲೆ ಕೆರೆದುಕೊಂಡ. "ಎಲ್ಲ ಆತು ವಕೀಲ್ರೆ. ಅಮ್ಮನವ್ರ ಹತ್ರ ಒಂದು ಪ್ರಸಾದ ಕೇಳಿಬಿಡ್ವ." ನಮ್ಮ ಕಡೆ ಹೆಣ್ಣು ಕೊಡುವುದಿರಲಿ, ಎಮ್ಮೆ ಕೊಳ್ಳುವುದಿರಲಿ, ಇದು ಆಗಲೇಬೇಕು. ಗ್ರಾಮದೇವತೆಯ ಮೂರ್ತಿಗೆ ಒದ್ದೆ ಹೂ ಅಂಟಿಸಿ, ಕೈಮುಗಿದು ವಿಷಯ ಹೇಳಿ ಕಾಯುವುದು. ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಪಾಬ್ಲೊನಿಗೆ ಇದು ಸ್ಥಳೀಯ ಅನುಮತಿ ಎಂದು ವಿವರಿಸಿದೆ. ಅವನು ಬಹಳ ಖುಷಿಯಿಂದ ಬೂಟು ಬಿಚ್ಚಿದ.

ದೇವಸ್ಥಾನದಲ್ಲಿ ಕೇರಿಗೆ ಕೇರಿಯೇ ಸೇರಿತ್ತು. ಹೆಂಗಸರು ಖಾಲಿ ಬುಟ್ಟಿಗಳ ಸಮೇತ ಬಂದು ಒಂದು ಬದಿಗೆ ನಿಂತಿದ್ದರು. ಪೂಜೆಯ ಗುನಗರು ಹೂ ಅಂಟಿಸಿ, "ವಿಷಯ ಎಂತ, ನೀವೇ ಹೇಳಿ. ನಾನು ಅಮ್ಮನಿಗೆ ಮುಟ್ಟಿಸ್ತೆ" ಎಂದರು. ನಾನು ಗಂಟಲು ಸರಿಮಾಡಿಕೊಂಡು, ಈ ಜಾಗ ಮತ್ಯಾರ ಹಕ್ಕೂ, ಸಂಬಂಧವೂ, ತಂಟೆಯೂ ಇಲ್ಲದೆ ಸಂಪೂರ್ಣವಾಗಿ ಈ ಪರದೇಶದ ಗೃಹಸ್ಥರ ಸ್ವಾಧೀನಕ್ಕೆ ಹೋಗುವುದು ತಾಯಿಗೆ ಒಪ್ಪಿಗೆಯೇ ಎಂದು ಹೇಳಿಸಿದೆ. ಗಂಟೆ ನಿಂತಿತು. ಎಡಗಡೆಯ ಹೂ ಎರಡನೆಯ ಯೋಚನೆಯೇ ಇಲ್ಲದೆ ಟಪ್ಪೆಂದು ಬಿತ್ತು.

ನನ್ನ ಎದೆಯೂ ಬಿತ್ತು. ಪಾಬ್ಲೊನ ಕಾರ್ಖಾನೆ ರೈಲು ಹತ್ತಿ ಗೋವಾಕ್ಕೆ ಹೋಗುವುದು ನನ್ನ ಕಣ್ಣಿಗೆ ಕಂಡಿತು. ಅವನ ಜೊತೆಗೆ ನನ್ನ ಅಂತರರಾಷ್ಟ್ರೀಯ ಖ್ಯಾತಿಯೂ ಹೊರಟಿತ್ತು. ಅವನು ಪಿಸುದನಿಯಲ್ಲಿ, ಇದರ ಮೇಲೆ ಮೇಲ್ಮನವಿ ಉಂಟೇ ಎಂದು ಕೇಳಿದ. ನಾನು ಗುನಗರನ್ನು ಕೇಳಿದೆ. "ಕೇಳುಕೆ ಅಡ್ಡಿಲ್ಲ. ಆದ್ರೆ ಕೇಳಿದ್ದನ್ನೇ ತಿರುಗಿ ಕೇಳುಕಾಗ. ಎಲ್ಲಿ ತಪ್ಪಾತು ನೋಡ್ಕಣಿ" ಎಂದರು.

ಆಗ ಹೊನ್ನಪ್ಪನ ಅಕ್ಕ ದೇವಿ ಮುಂದೆ ಬಂದಳು. "ವಕೀಲ್ರೆ, ಆ ಫಾರಿನ್ನವ್ರಿಗೆ ಒಂದು ಮಾತು ಕೇಳಿ. ನಾವು ಹೊಳಿಗೆ ಇಳೀದಿದ್ರೆ ಅವ್ರ ಮಿಶಿನ್ನಿಗೆ ಬೆಳಚು ತಂದು ಹಾಕುದು ಯಾರು?"

ಈ ಸಲ ನಾನು ಪ್ರಾಮಾಣಿಕವಾಗಿ ಅನುವಾದ ಮಾಡಿದೆ. ಪಾಬ್ಲೊ ಅವಳ ಖಾಲಿ ಬುಟ್ಟಿಯನ್ನು ನೋಡಿದ. ಆಮೇಲೆ ನಗತೊಡಗಿದ. "ಮಹಾಶಯರೇ, ಸರ್ಕಾರದಿಂದ ರಕ್ಷಿಸಿದಿರಿ, ತೆರಿಗೆಯಿಂದ ರಕ್ಷಿಸಿದಿರಿ. ಕೊನೆಗೆ ಬೆಳಚಿನಿಂದಲೂ ರಕ್ಷಿಸಿಬಿಟ್ಟಿರಾ!" ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಡೀ ತಾಲೂಕಿಗೆ ದಾರಿ ಕೊಡಿಸಿದ ಮಹಾಪುರುಷ, ಕಣ್ಣೆದುರಿಗಿನ ದಾರಿಯ ಮೇಲೆಯೇ ಗೋಡೆ ಎಬ್ಬಿಸಲು ಹೊರಟಿದ್ದೆ.

ಆದರೆ ನೋಡಿ, ಸಂಕಟ ಬಂದಾಗ ಕುಲವಿದ್ಯೆ ಕೈಬಿಡುವುದಿಲ್ಲ. ದಾರಿ ಎಂಬ ಮಾತು ತಲೆಗೆ ಬಂದದ್ದೇ ತಡ, ನನ್ನ ಮೈಯಲ್ಲಿ ಬೇರೆಯೇ ಹುರುಪು ತುಂಬಿತು. ಗುನಗರ ಪಕ್ಕ ನಿಂತು ಹೇಳುತ್ತ ಹೋದೆ. ಜಾಗ ಹೊನ್ನಪ್ಪನದೇ ಉಳಿಯಬೇಕು, ಲೀಸು ಮಾತ್ರ ಪರದೇಶದವರಿಗೆ. ರಸ್ತೆಯಿಂದ ಹೊಳೆಯ ತನಕ ಹೆಂಗಸರ ದಾರಿ ಹಿಂದಿನಂತೆಯೇ ಇರಬೇಕು. ತುಂಬಿದ ಬುಟ್ಟಿ ಹೊತ್ತು ಬರುವವಳಿಗೂ ಖಾಲಿ ಬುಟ್ಟಿ ಹಿಡಿದು ಹೋಗುವವಳಿಗೂ ಭುಜ ತಾಗದಷ್ಟು ಅಗಲವಿರಬೇಕು. ಇಳಿತದಲ್ಲಿ, ಭರತದಲ್ಲಿ, ಮಳೆಗಾಲದಲ್ಲಿ, ಹಬ್ಬದ ದಿನದಲ್ಲಿ ಯಾರೂ ಅದಕ್ಕೆ ಗೇಟು, ಸರಪಳಿ, ಮುಳ್ಳು, ನಾಯಿ ಇತ್ಯಾದಿ ಇಡತಕ್ಕದ್ದಲ್ಲ. "ಸಾಕು ಮಾರಾಯ್ರೆ, ಅಮ್ಮನಿಗೆ ಅರ್ಥ ಆಗ್ತದೆ" ಎಂದು ಗುನಗರು ಏದುಸಿರು ಬಿಟ್ಟರು. ಅವರು ಹೇಳಿ ಮುಗಿಸುವ ಮೊದಲೇ ಬಲಗಡೆಯ ಹೂ ಬಿತ್ತು. ಅದರ ಬೆನ್ನಿಗೇ ಬಲಗಡೆಯದೇ ಇನ್ನೊಂದು! ಪಾಬ್ಲೊ ನನ್ನನ್ನು ಅಪ್ಪಿಕೊಂಡು ಎತ್ತಿದ. ಕೇರಿಯ ಹೆಂಗಸರೆಲ್ಲ ನಗುತ್ತಿದ್ದರು. ದೇವಿ ಬುಟ್ಟಿ ಸೊಂಟಕ್ಕೇರಿಸಿ, "ಆತು, ನೀರು ಇಳೀತು" ಎಂದು ಹೊಳೆಯ ಕಡೆ ಹೊರಟೇಬಿಟ್ಟಳು.

ಕಾರ್ಖಾನೆ ಆಯಿತು, ದಾರಿಯೂ ಉಳಿಯಿತು. ನನ್ನ ಹೆಸರು ಮಾತ್ರ ನಾನೆಣಿಸಿದ ದಿಕ್ಕಿನಲ್ಲಿ ಹೋಗಲಿಲ್ಲ. ಇನ್ನೊಬ್ಬ ಫಾರಿನ್ನವನು ನನ್ನ ಜಗಲಿ ಹತ್ತಲಿಲ್ಲ. ಆದರೆ ವಕೀಲ್ರು ವಿಷಯ ಹೇಳಿಕೊಟ್ಟರೆ ಹೂ ಬಲಗಡೆಯೇ ಬೀಳುತ್ತದೆ ಎಂಬ ಸುದ್ದಿ ಮಿರ್ಜಾನದಿಂದ ಗೇರುಸೊಪ್ಪದವರೆಗೆ ಹಬ್ಬಿತು. ಈಗ ಬೆಳಗಾದರೆ ಜನ ಬಂದು ಸಾಲಾಗಿ ಕೂರುತ್ತಾರೆ. ಕೋರ್ಟಿಗೆ ಹೋಗಲಿಕ್ಕಲ್ಲ, ಪ್ರಸಾದ ಕೇಳುವಾಗ ಏನು ಹೇಳಬೇಕೆಂದು ನನ್ನಿಂದ ಹೇಳಿಸಿಕೊಳ್ಳಲಿಕ್ಕೆ. ನಾನು ಕುತ್ತಿಗೆ ನರ ಉಬ್ಬಿಸಿ ಒಂದು ಸಂದು ಬಿಡದ ಹಾಗೆ ಹೇಳಿಕೊಡುತ್ತೇನೆ. ಕೊನೆಗೆ ಮೆಲ್ಲಗೆ ಫೀಸಿನ ಮಾತೆತ್ತಿದರೆ, "ಅಯ್ಯೋ, ದೇವ್ರ ಕಾರ್ಯಕ್ಕೆ ಫೀಸಾ ವಕೀಲ್ರೆ?" ಎಂದು ನನ್ನನ್ನು ಮಹಾಪಾಪಿಯಂತೆ ನೋಡುತ್ತಾರೆ. ಒಳಗಿನಿಂದ ಶಾರದೆಯೂ "ಬೇಡ, ಫೀಸು ತಗಳ್ಳಡಿ" ಎಂದು ಕೂಗುತ್ತಾಳೆ. ಪಾಬ್ಲೊನಿಗೆ ಸರ್ಕಾರ ಕೊಟ್ಟದ್ದು ಕೆಲವೇ ವರ್ಷದ ತೆರಿಗೆ ರಜೆ. ನನಗೆ ಅಮ್ಮನವರು ಜೀವಮಾನವಿಡೀ ಕೊಟ್ಟಿದ್ದಾರೆ, ತೆರಿಗೆ ಹಾಕಲು ಆದಾಯವೇ ಇಲ್ಲ.