ಕಿವಿಯ ಯೋಗಕ್ಷೇಮ

ಎಮ್ಮೆ ಸಾಕಿದವರು ಸಿಕ್ಕರೆ ಜನ ಹಾಲೆಷ್ಟು ಕೊಡುತ್ತದೆ ಎಂದು ಕೇಳುತ್ತಾರೆ. ಸ್ವಲ್ಪ ತಿಳಿದವರಾದರೆ ಮೇವಿನ ಬಗ್ಗೆ ಕೇಳುತ್ತಾರೆ. ಎಮ್ಮೆಯ ಕಿವಿ ಹೇಗಿದೆ ಎಂದು ಕೇಳುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಚಿಂಚೋಳಿ ತಾಲ್ಲೂಕಿನಲ್ಲಷ್ಟೇ ಅಲ್ಲ, ಬಹುಶಃ ಇಡೀ ಭೂಮಂಡಲದಲ್ಲೇ ಅಂಥವರು ಇರುವುದು ಒಬ್ಬರು. ಆ ಒಬ್ಬರು ನಮ್ಮ ಅಪ್ಪನ ತಮ್ಮನಾಗಿ ಹುಟ್ಟಿಬಿಟ್ಟಿದ್ದಾರೆ!

ಕಾಕಾನದು ಕೊಡ್ಲಿಯಲ್ಲಿ ಒಕ್ಕಲುತನದ ಸಾಮಾನಿನ ಅಂಗಡಿ. ಹಗ್ಗ, ಮೂಗುದಾರ, ಗೆಜ್ಜೆ, ತಾಡಪತ್ರಿ, ಔಷಧ ಹೊಡೆಯುವ ಪಂಪು, ತೊಗರಿ ಬೀಜ, ಗೊಬ್ಬರ, ಕೇಳಿದ್ದೆಲ್ಲ ಅಲ್ಲಿದೆ. ಆದರೆ ಕೈಗೆ ಸಿಗಬೇಕಾದರೆ ಮೊದಲು ಕಾಕಾನ ಪರೀಕ್ಷೆಯಲ್ಲಿ ಪಾಸಾಗಬೇಕು. ಪರೀಕ್ಷೆಗೆ ಒಂದೇ ವಿಷಯ, ವಿಮೆ.

ವಿಷಯ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಿಬಿಡುತ್ತೇನೆ. ದನಕ್ಕೆ ವಿಮೆ ಮಾಡಿಸಿದರೆ ಕಂಪನಿಯವರು ಬಂದು ಅದರ ಕಿವಿಗೆ ನಂಬರು ಬರೆದ ಹಳದಿ ಬಿಲ್ಲೆಯೊಂದನ್ನು ಚುಚ್ಚಿ ಹೋಗುತ್ತಾರೆ. ಆ ಬಿಲ್ಲೆಯೇ ದನದ ಗುರುತು. ಅಕಸ್ಮಾತ್ ದನ ಸತ್ತರೆ ಬಿಲ್ಲೆಯನ್ನು ಕಿವಿಯ ಸಮೇತ ಕೊಯ್ದು ಒಪ್ಪಿಸಬೇಕು. ಬರೀ ಬಿಲ್ಲೆ ತಂದುಕೊಟ್ಟರೆ ನಡೆಯುವುದಿಲ್ಲ, ಅದು ಯಾವ ದನದ್ದು ಎಂದು ಯಾರು ಹೇಳಬೇಕು? ಕಾಕಾ ಮಾಡಿಸಿದ ವಿಮೆಯ ನಿಯಮ ಇದು. ಈ ನಿಯಮವನ್ನು ಕೊಡ್ಲಿ, ಸೇಡಂ, ಚಿತ್ತಾಪುರದ ಸಮಸ್ತ ಜನತೆಗೆ ತಿಳಿಸಿಕೊಡುವ ಕೆಲಸವನ್ನು ಕಾಕಾ ತಾವಾಗಿಯೇ ಮೈಮೇಲೆ ಹಾಕಿಕೊಂಡಿದ್ದರು. ಹಾಗಂತ ಅವರು ಏಜೆಂಟರಲ್ಲ. ಯಾವ ಕಂಪನಿಯೂ ಅವರಿಗೆ ಒಂದು ಚಹಾ ಕುಡಿಸಿದ್ದಿಲ್ಲ. ಮತ್ತೇಕೆ ಈ ಗಂಟಲು ನೋವು? ನನಗೆ ಬಹಳ ವರ್ಷಗಳಿಂದ ಇದೊಂದು ಕುತೂಹಲ.

ಒಮ್ಮೆ ಗುಂಡಗುರ್ತಿ ಕಡೆಯ ರೈತನೊಬ್ಬ ಹಗ್ಗಕ್ಕೆ ಬಂದ. ಯಾವ ದನಕ್ಕೆ ಎಂದು ಕಾಕಾ ವಿಚಾರಿಸಿದರು. ಎಮ್ಮೆಗೆ ಎಂದ.

"ಕಿವಿ ಆರಾಮ ಅದಾವೇನು?"

ರೈತ ಗಾಬರಿಯಾಗಿ ತನ್ನ ಕಿವಿಗಳನ್ನು ಮುಟ್ಟಿ ನೋಡಿಕೊಂಡು, "ಅದಾವ್ರಿ" ಎಂದ.

"ನಿನ್ನವಲ್ಲೋ ಮಾರಾಯಾ, ಎಮ್ಮಿವು."

ಅಲ್ಲಿಂದ ಶುರುವಾಯಿತು. ಬಿಲ್ಲೆ ಎಂದರೇನು, ಯಾವ ಕಿವಿಗೆ ಚುಚ್ಚಿಸಿದರೆ ಒಳ್ಳೆಯದು, ಜಾಲಿ ಮುಳ್ಳಿಗೆ ಸಿಕ್ಕಿ ಬಿಲ್ಲೆ ಕಿತ್ತುಹೋದರೆ ಯಾರಿಗೆ ತಿಳಿಸಬೇಕು! ಆ ಬಡಪಾಯಿ ತಲೆದೂಗಿ ತಲೆದೂಗಿ ಸುಸ್ತಾಗಿ, ಬಸ್ಸು ಬಂತೆಂಬ ನೆಪ ಹೇಳಿ ಓಡಿದ. ಬಸ್ ಸ್ಟ್ಯಾಂಡಿಗೆ ಹೋದ ಮೇಲೆ ನೆನಪಾಯಿತು, ಹಗ್ಗವನ್ನೇ ತಂದಿಲ್ಲ! ತಿರುಗಿ ಅಂಗಡಿಗೆ ಬಂದ. ಉಳಿದ ಭಾಗ ಕೇಳಲು ಬಂದಿದ್ದಾನೆ ಎಂದು ಹಿಗ್ಗಿದ ಕಾಕಾ, ಮಾತು ಎಲ್ಲಿ ನಿಂತಿತ್ತೋ ಸರಿಯಾಗಿ ಅಲ್ಲಿಂದಲೇ ಹಿಡಿದರು.

ಊರಿನವರೇನು ಕಡಿಮೆಯೇ? ಅವರು ಒಂದು ಉಪಾಯ ಕಂಡುಕೊಂಡರು. ಕಾಕಾ ಊಟಕ್ಕೆ ಒಳಗೆ ಹೋದಾಗ ಗಲ್ಲೆಯ ಮೇಲೆ ಕಾಕಿ ಕೂರುತ್ತಾಳೆ. ಕಾಕಿ ಕೇಳಿದ್ದು ಕೊಡುತ್ತಾಳೆ, ಕೊಟ್ಟದ್ದು ತೆಗೆದುಕೊಳ್ಳುತ್ತಾಳೆ, ಮಾತಿಲ್ಲ. ಹೀಗಾಗಿ ಕೊಡ್ಲಿಯ ಒಕ್ಕಲುತನದ ವ್ಯಾಪಾರವೆಲ್ಲ ಕಾಕಾ ರೊಟ್ಟಿ ತಿನ್ನುವ ಹೊತ್ತಿನಲ್ಲೇ ನಡೆಯುತ್ತಿತ್ತು. ಬೆಳಿಗ್ಗೆಯಿಂದ ನೊಣ ಹೊಡೆಯುತ್ತಿದ್ದ ಅಂಗಡಿ ಮಧ್ಯಾಹ್ನ ಒಮ್ಮೆಲೇ ಗಿಜಿಗುಡುತ್ತಿತ್ತು. ಸಂತೆಯ ದಿನವಂತೂ ಕಾಕಿ ಗಂಡನಿಗೆ ಕೇಳಿಕೇಳಿ ಇನ್ನೆರಡು ರೊಟ್ಟಿ ಹೆಚ್ಚು ಬಡಿಸುತ್ತಿದ್ದಳು. ಹೆಂಡತಿಗೆ ತನ್ನ ಮೇಲೆ ಅದೆಷ್ಟು ಪ್ರೀತಿ ಎಂದು ಕಾಕಾ ನನ್ನೆದುರು ಹೇಳಿಕೊಂಡಿದ್ದೂ ಉಂಟು!

ನನಗೆ ಹೆಣ್ಣು ನೋಡಲು ಚಿತ್ತಾಪುರಕ್ಕೆ ಹೋದಾಗ ಹಿರಿಯರೆಂದು ಕಾಕಾನನ್ನು ಕರೆದುಕೊಂಡು ಹೋಗಿದ್ದೆವು. ಎಂಥ ತಪ್ಪು ಮಾಡಿದೆವು ಎಂಬುದು ಉಪ್ಪಿಟ್ಟು ಬರುವಷ್ಟರಲ್ಲಿ ತಿಳಿಯಿತು. ಹುಡುಗಿ ಬಂದು ಚಾಪೆಯ ಮೇಲೆ ಕೂತಳು. ನಮ್ಮವ್ವ ಹೆಸರು ಕೇಳಿದಳು, ಓದು ಕೇಳಿದಳು. ಕಾಕಾ ಗಂಟಲು ಸರಿಮಾಡಿಕೊಂಡರು. ಏನೋ ಘನವಾದದ್ದು ಕೇಳುತ್ತಾರೆ ಎಂದು ಬೀಗರು ಸೆಟೆದು ಕೂತರು. "ನಿಮ್ಮ ದನಗೋಳಿಗೆ ಬಿಲ್ಲೆ ಹಾಕಿಸೀರೇನ್ರಿ?" ಎಂದರು ಕಾಕಾ. ಹಾಕಿಸಿದ್ದೇವೆ ಎಂದರೂ ನಂಬದೆ ಎದ್ದು ಹಿತ್ತಲಿಗೆ ನಡೆದರು. ಇತ್ತ ಮಾತುಕತೆ ಮುಗಿದು ಸಂಬಂಧ ಕುದುರಿತು, ಸಕ್ಕರೆ ಹಂಚಿದ್ದಾಯಿತು. ಆಗ ಒಳಗೆ ಬಂದರು ಕಾಕಾ, ಧೋತರಕ್ಕೆಲ್ಲ ಸಗಣಿ. ಸಭೆಯನ್ನೊಮ್ಮೆ ನೋಡಿ, ಎರಡನೆಯದರ ಬಿಲ್ಲೆ ಸಡಿಲಾಗಿದೆ, ಉಳಿದದ್ದೆಲ್ಲ ಸರಿ ಎಂದು ತೀರ್ಪು ಕೊಟ್ಟರು. ನಿಮ್ಮ ಕಡೆಯವರು ಅವತ್ತು ನನಗಿಂತ ನಮ್ಮ ಎಮ್ಮೆಯನ್ನೇ ಹೆಚ್ಚು ಹೊತ್ತು ನೋಡಿದರು ಎಂದು ನನ್ನ ಹೆಂಡತಿ ಇಂದಿಗೂ ಚುಚ್ಚುತ್ತಾಳೆ.

ಕಿವಿ ಕೊಯ್ದು ಒಪ್ಪಿಸುವ ಆ ನಿಯಮವನ್ನು ಬಾಯಲ್ಲಿ ಹೇಳಿದರೆ ಜನಕ್ಕೆ ತಿಳಿಯುವುದಿಲ್ಲ ಎಂದು ಕಾಕಾ ಮಾಡಿ ತೋರಿಸುವುದೂ ಇತ್ತು. ಒಂದು ಸಲ ನಾವೆಲ್ಲ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಬಿಸಿ ಜೋಳದ ರೊಟ್ಟಿಯನ್ನು ಕಿವಿಯ ಹಾಗೆ ಮಡಚಿದರು. ನಡುವೆ ಉಳ್ಳಾಗಡ್ಡಿಯ ಬಿಲ್ಲೆಯೊಂದನ್ನು ಸಿಗಿಸಿದರು. ಆಮೇಲೆ ಕಾಯಿಪಲ್ಲೆ ಹೆಚ್ಚುವ ಚಾಕು ತರಿಸಿ, ಬುಡದಿಂದ ಹೀಗೆ, ಓರೆಯಾಗಿ, ಒಂದೇ ಏಟಿಗೆ ಎಂದು ಸರ್ರನೆ ಕೊಯ್ದು ಎತ್ತಿ ತೋರಿಸಿದರು. ಊಟದ ಸಾಲು ಪೂರ್ತಿ ತುತ್ತು ಕೈಯಲ್ಲೇ ಹಿಡಿದು ಕೂತಿತು.

"ಆ ಕಿವಿ ತಿಂದು ಏಳ್ರಿ ಇನ್ನ" ಎಂದಳು ಕಾಕಿ.

ಇಷ್ಟೆಲ್ಲ ಮಾತಾಡುವವರ ಮಾತನ್ನು ಪೂರ್ತಿ ಕೇಳಿದವರು ಯಾರಾದರೂ ಇದ್ದರೇ? ಮನುಷ್ಯರಲ್ಲಿ ಯಾರೂ ಇರಲಿಲ್ಲ. ಊರಿನವರು ಓಡುತ್ತಿದ್ದರು, ಕಾಕಿಗೆ ಒಲೆಯ ಕೆಲಸವಿರುತ್ತಿತ್ತು. ಸೇಡಂನಲ್ಲಿ ಮೇಷ್ಟ್ರಾಗಿರುವ ನಾನು ಭಾನುವಾರ ಕೊಡ್ಲಿಗೆ ಹೋದಾಗ, ಕಾಕಾ ಬಾಯಿ ತೆರೆದರೆ ಬಾರದ ಫೋನನ್ನು ಕಿವಿಗೆ ಹಿಡಿಯುತ್ತಿದ್ದೆ. ಇದರಿಂದ ನಿಮಗೇನು ಲಾಭ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿಯೂ ಬಿಟ್ಟಿದ್ದೆ. ಅವರು ಮೊದಲಿನಿಂದ ಶುರುಮಾಡಿದರು, ಉತ್ತರ ಬರುವುದರೊಳಗೆ ನನ್ನ ಬಸ್ಸು ಬಂತು.

ಕೇಳುತ್ತಿದ್ದದ್ದು ಬಸಣ್ಣ. ಬಸಣ್ಣ ಎಂದರೆ ಕಾಕಾನ ಎತ್ತು. ಬಸ್ಸಿನಲ್ಲಿ ಬಂದ ಸಾಮಾನನ್ನು ಅಂಗಡಿಗೆ ಸಾಗಿಸುವ ಒಂಟಿ ಎತ್ತಿನ ಬಂಡಿಗೆ ಅವನೇ ಗತಿ. ಬಂಡಿ ಹೊರಟ ಕೂಡಲೇ ಕಾಕಾ ಆವತ್ತಿನ ವರದಿ ಒಪ್ಪಿಸುತ್ತಿದ್ದರು, ಯಾರು ಬಂದರು, ಏನು ಕೇಳಿದರು, ಅವರ ಎಮ್ಮೆಗೆ ಬಿಲ್ಲೆ ಇದೆಯೋ ಇಲ್ಲವೋ. ಬಸಣ್ಣನಿಗೊಂದು ರೂಢಿ. ಹಿಂದಿನಿಂದ ಮಾತು ಶುರುವಾದರೆ ಬಿಲ್ಲೆ ಇದ್ದ ಎಡಗಿವಿಯನ್ನು ಹಿಂದಕ್ಕೆ ತಿರುಗಿಸಿ, ಮಾತು ನಿಲ್ಲುವ ತನಕ ಹಾಗೆಯೇ ಹಿಡಿದು ನಡೆಯುತ್ತಿದ್ದ. ಹಳದಿ ಬಿಲ್ಲೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅವನು ನೊಣ ಓಡಿಸಲು ಹಾಗೆ ಮಾಡುತ್ತಾನೆ ಎಂಬುದು ನನ್ನ ವಾದವಾಗಿತ್ತು. ಕಾಕಾ ಒಪ್ಪುತ್ತಿರಲಿಲ್ಲ.

ಈ ಸಲ ಮಳೆಗಾಲ ಶುರುವಾದಾಗ ಒಂದು ಬೆಳಿಗ್ಗೆ ಬಸಣ್ಣ ಕೊಟ್ಟಿಗೆಯಲ್ಲಿ ಏಳಲಿಲ್ಲ. ಕಾಕಿಯ ಫೋನು ಬಂತು. ನಾನು ಹೋಗುವಷ್ಟರಲ್ಲಿ ದನದ ಡಾಕ್ಟರು ಪರೀಕ್ಷೆ ಮುಗಿಸಿ, ಎತ್ತು ಸತ್ತಿದೆ ಎಂದು ಬರೆದು ಕೊಟ್ಟಿದ್ದರು. ಕಂಪನಿಯ ಹುಡುಗನೂ ಬಂದಿದ್ದ. ಊರಿಗೆ ಊರೇ ಅಂಗಳದಲ್ಲಿತ್ತು. ಯಾಕಿರಬಾರದು? ಇಷ್ಟು ವರ್ಷ ರೊಟ್ಟಿಯ ಮೇಲೆ ನಡೆದ ಪಾಠ ಇವತ್ತು ನಿಜವಾಗಿ ನಡೆಯುವುದಿತ್ತು! ಎತ್ತಿಗೆ ವಯಸ್ಸಾಯಿತು, ಇನ್ನು ಮುಂದೆ ವಿಮೆ ಇಲ್ಲ, ಇದೇ ಕೊನೆಯ ವರ್ಷ ಎಂದು ಕಂಪನಿಯವರು ಮೊದಲೇ ಹೇಳಿದ್ದರು. ಆ ಹಣ ಬಂದರೆ ಇನ್ನೊಂದು ಎತ್ತು ಬರುತ್ತದೆ. ಬಾರದಿದ್ದರೆ ಬಂಡಿ ಮೂಲೆ ಸೇರುತ್ತದೆ, ಈ ವಯಸ್ಸಿನಲ್ಲಿ ಕಾಕಾ ಗೊಬ್ಬರದ ಚೀಲ ಬೆನ್ನ ಮೇಲೆ ಹೊರಬೇಕಾಗುತ್ತದೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಕಾಕಾ ಚಾಕು ಹಿಡಿದು ಬಸಣ್ಣನ ತಲೆಯ ಹತ್ತಿರ ಕೂತರು. ಎಡಗಿವಿಯನ್ನು ಅಂಗೈಯಲ್ಲಿ ಇಟ್ಟುಕೊಂಡರು. ಕೂತೇ ಇದ್ದರು. ಕಂಪನಿಯ ಹುಡುಗ ಮೆಲ್ಲಗೆ, ಬಿಲ್ಲೆ ಕಿವಿ ಸಮೇತವೇ ಬೇಕಾಗುತ್ತದೆ ಎಂದು ನೆನಪು ಮಾಡಿದ. ಅದನ್ನು ಕಾಕಾಗೆ ನೆನಪು ಮಾಡುವುದೇ! ಯಾರೋ ಮುಂದೆ ಬಂದು, ನೀವು ಆ ಕಡೆ ಹೋಗಿ, ನಾನು ಕೊಯ್ದು ಕೊಡುತ್ತೇನೆ ಎಂದರು. ಕಾಕಾ ಚಾಕುವನ್ನು ಪಕ್ಕಕ್ಕಿಟ್ಟರು.

"ಬ್ಯಾಡಪ್ಪಾ. ಊರಾಗ ನನ್ನ ಮಾತು ಪೂರಾ ಕೇಳಿದ ಕಿವಿ ಇದೊಂದ ಅದ. ಇದನ್ನ ಹ್ಯಾಂಗ ಕೊಯ್ಲಿ?"

ನನ್ನ ಬಹಳ ವರ್ಷಗಳ ಕುತೂಹಲಕ್ಕೆ ಉತ್ತರ ಸಿಕ್ಕಿತ್ತು, ಆದರೆ ಸಿಕ್ಕಿದ್ದಕ್ಕೆ ಸಂತೋಷವಾಗಲಿಲ್ಲ. ವಿಮೆಯ ಹಣ ನೆಚ್ಚಿಕೊಂಡಿದ್ದ ಕಾಕಿ ಏನಾದರೂ ಅಂದಾಳು ಎಂದು ಎಲ್ಲರೂ ಅವಳ ಮುಖ ನೋಡಿದರು. ಅವಳು ಬಂದು ಬಗ್ಗಿ, ಬಿಲ್ಲೆಗೆ ಹತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸಿದಳು. ಎರಡೂ ಕಿವಿಗೆ ಅರಿಶಿನ ಹಚ್ಚಿದಳು. ಹೊಲದ ಬದುವಿನಲ್ಲಿ ಬಸಣ್ಣನನ್ನು ಬಿಲ್ಲೆಯ ಸಮೇತ ಮಣ್ಣು ಮಾಡಿದೆವು.

ಅದಾಗಿ ಕೆಲವು ವಾರಗಳ ಮೇಲೆ ಕೊಡ್ಲಿಗೆ ಹೋಗಿದ್ದೆ. ಕಾಕಾ ಗಲ್ಲೆಯ ಮೇಲೆ ಸುಮ್ಮನೆ ಕೂತಿದ್ದರು. ಅದೇ ಗುಂಡಗುರ್ತಿಯ ರೈತ ಬಂದು ಹಗ್ಗ ಕೇಳಿದ. ಕಾಕಾ ಹಗ್ಗ ಅಳೆದು ಕೊಟ್ಟರು, ದುಡ್ಡು ಒಳಗಿಟ್ಟರು, ರಸ್ತೆ ನೋಡುತ್ತ ಕೂತರು. ಯಾವ ದನಕ್ಕೆ ಎಂದೂ ಕೇಳಲಿಲ್ಲ. ಇದಕ್ಕಿಂತ ಭಯಂಕರವಾದದ್ದನ್ನು ಆ ಅಂಗಡಿಯಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ! ರೈತನಿಗೂ ಹಾಗೇ ಅನ್ನಿಸಿರಬೇಕು. ಅವನು ಎರಡು ಹೆಜ್ಜೆ ಹೋದ, ನಿಂತ, ಹಗ್ಗವನ್ನು ಈ ಕೈಯಿಂದ ಆ ಕೈಗೆ ಮಾಡಿದ, ತಿರುಗಿ ಬಂದ. ಹೊರಗೆ ಅವನ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ನಮ್ಮ ಎಮ್ಮಿ ಕಿವ್ಯಾಗಿನ ಬಿಲ್ಲಿ ಯಾಕೋ ಸಡ್ಲ ಆಗ್ಯಾದರಿ" ಎಂದು ಅಲ್ಲಿದ್ದ ಗೊಬ್ಬರದ ಚೀಲದ ಮೇಲೆ ಕೂತುಕೊಂಡ.

ಒಳಗಿಂದ ಕಾಕಿ ಊಟಕ್ಕೆ ಕರೆದಳು. ಕಾಕಾ ಏಳಲಿಲ್ಲ. ನಾನು ಫೋನನ್ನು ಜೇಬಿಗೆ ಹಾಕಿ ಇನ್ನೊಂದು ಚೀಲದ ಮೇಲೆ ಕೂತೆ. ಕಾಕಾ ರಸ್ತೆಯ ಕಡೆಯಿಂದ ನಿಧಾನವಾಗಿ ನಮ್ಮತ್ತ ತಿರುಗಿದರು.

"ಯಾವ ಕಿವಿ?" ಎಂದರು. "ಎಡದ್ದೋ, ಬಲದ್ದೋ?"